ವಾಯುಮಂಡಲದ ತಡೆ: ಗುರುತು ಮತ್ತು ಅಳತೆ

ಮಧ್ಯ ಅಕ್ಷಾಂಶಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ದಾರಿಗೆ ಅಡ್ಡಲಾಗಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಒಂದೇ ಕಡೆ ನೆಲೆನಿಲ್ಲುವ ಅಧಿಕ ಒತ್ತಡ ವ್ಯವಸ್ಥೆಗೆ ಹವಾಮಾನ ವಿಜ್ಞಾನದಲ್ಲಿ ತಡೆ ಅಥವಾ ಬ್ಲಾಕಿಂಗ್ ಎಂದು ಹೆಸರು. ತಡೆ ಉಂಟಾದಾಗ ಜೆಟ್ ಪ್ರವಾಹ ಎರಡು ಕವಲಾಗಿ ಒಡೆಯುತ್ತದೆ, ಇಲ್ಲವೇ ಉತ್ತರಕ್ಕೂ ದಕ್ಷಿಣಕ್ಕೂ ದೊಡ್ಡದಾಗಿ ಬಳಸಿಕೊಂಡು ಹರಿಯುತ್ತದೆ. ಪೂರ್ವಕ್ಕೆ ಸಾಗಬೇಕಾದ ಮಳೆ ತರುವ ಒತ್ತಡ ಕುಸಿತಗಳು ಅದರ ಅಂಚಿನಲ್ಲೇ ಸುತ್ತಿ ಬೇರೆಡೆಗೆ ತಿರುಗುತ್ತವೆ. ತಡೆಯ ಕೆಳಗಿನ ನಾಡಿನಲ್ಲಿ ಬೇಸಿಗೆಯಾದರೆ ಬಿಸಿಗಾಳಿ ಮತ್ತು ಬರ, ಚಳಿಗಾಲವಾದರೆ ಮಂಜು ಮತ್ತು ಕೊರೆಯುವ ಚಳಿ, ಅಂಚಿನ ನಾಡುಗಳಲ್ಲಿ ಬಿಡದೆ ಸುರಿಯುವ ಮಳೆ ಇದರ ಸಾಮಾನ್ಯ ಪರಿಣಾಮಗಳು. 2003ರ ಪಶ್ಚಿಮ ಯುರೋಪಿನ ಬಿಸಿಗಾಳಿ, 2010ರ ರಷ್ಯಾದ ಬಿಸಿಗಾಳಿ, 2021ರ ಪಶ್ಚಿಮ ಕೆನಡಾದ ದಾಖಲೆ ಉಷ್ಣಾಂಶ ಇವೆಲ್ಲ ನೆಲೆನಿಂತ ಅಧಿಕ ಒತ್ತಡದ ಕೆಳಗೆ ಸಂಭವಿಸಿದವು.

ಹವಾಮಾನ ನಕ್ಷೆಯಲ್ಲಿ ಇಂಥ ತಡೆಯನ್ನು ಕಣ್ಣಳತೆಯಲ್ಲಿ ಗುರುತಿಸುವುದು ಅನುಭವಿ ಮುನ್ಸೂಚಕರಿಗೆ ಕಷ್ಟವಲ್ಲ. ಆದರೆ ಅದು ಯಾವ ದಿನ ಶುರುವಾಯಿತು, ಎಷ್ಟು ವಿಸ್ತಾರ ಆವರಿಸಿತು, ಎಷ್ಟು ಬಲವಾಗಿತ್ತು, ಹಿಂದಿನ ದಶಕಗಳಿಗಿಂತ ಈಗ ಹೆಚ್ಚು ಬಾರಿ ಬರುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರಿಸಲು ಖಚಿತವಾದ ಅಳತೆ ಬೇಕು. 1950ರಿಂದ ಈಚೆಗೆ ಹಲವು ಅಳತೆಗಳು ರೂಪುಗೊಂಡಿವೆ. ಎಲ್ಲರೂ ಒಪ್ಪಿದ ಒಂದೇ ವ್ಯಾಖ್ಯೆ ಮಾತ್ರ ಇನ್ನೂ ಇಲ್ಲ. ಪ್ರತಿಯೊಂದು ಅಳತೆಯೂ ತಡೆಯ ಒಂದೊಂದು ಗುಣವನ್ನು ಹಿಡಿಯುತ್ತದೆ. ಆದ್ದರಿಂದ ತಡೆಯ ಬಗ್ಗೆ ಹೇಳುವ ಯಾವುದೇ ಅಂಕಿಯ ಅರ್ಥ ಅದನ್ನು ಪಡೆದ ವಿಧಾನದ ಜೊತೆಗೇ ತಿಳಿಯುವಂಥದು.

ಸ್ವರೂಪ

ಉಷ್ಣವಲಯಕ್ಕೂ ಧ್ರುವಗಳಿಗೂ ನಡುವೆ, ಸುಮಾರು 30ರಿಂದ 65 ಡಿಗ್ರಿ ಅಕ್ಷಾಂಶಗಳಲ್ಲಿ, ವಾಯುಮಂಡಲದ ಮೇಲ್ಪದರಗಳ ಗಾಳಿ ಮುಖ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಈ ಹರಿವಿನಲ್ಲಿ ಸಾವಿರಾರು ಕಿಲೋಮೀಟರ್ ಉದ್ದದ ಅಲೆಗಳಿರುತ್ತವೆ. ಇವುಗಳ ಚಲನೆಯ ನಿಯಮವನ್ನು 1939ರಲ್ಲಿ ವಿವರಿಸಿದ ಸ್ವೀಡನ್ ಮೂಲದ ವಿಜ್ಞಾನಿ ಕಾರ್ಲ್-ಗುಸ್ತಾವ್ ರಾಸ್‌ಬಿ ಅವರ ಹೆಸರಿನಿಂದ ಇವನ್ನು ರಾಸ್‌ಬಿ ಅಲೆಗಳೆಂದು ಕರೆಯುತ್ತಾರೆ. ಅಲೆ ಧ್ರುವದ ಕಡೆಗೆ ಉಬ್ಬಿದ ಭಾಗ ರಿಜ್, ಸಮಭಾಜಕದ ಕಡೆಗೆ ಇಳಿದ ಭಾಗ ಟ್ರಫ್. ಸಾಮಾನ್ಯ ದಿನಗಳಲ್ಲಿ ಇವು ಪೂರ್ವಕ್ಕೆ ಸರಿಯುತ್ತಾ ಹೋಗುವುದರಿಂದ ಒಂದು ಊರಿನಲ್ಲಿ ಎರಡು ಮೂರು ದಿನ ಬಿಸಿಲು, ಮತ್ತೆರಡು ದಿನ ಮಳೆ ಎಂಬಂತೆ ಹವೆ ಬದಲಾಗುತ್ತಿರುತ್ತದೆ.

ಕೆಲವೊಮ್ಮೆ ರಿಜ್ ಬಲವಾಗಿ ಬೆಳೆದು, ಅಲೆಯ ತುದಿ ಮಡಚಿ ಮುರಿಯುತ್ತದೆ. ದಕ್ಷಿಣದ ಬೆಚ್ಚನೆಯ ಗಾಳಿಯ ರಾಶಿ ಉತ್ತರದಲ್ಲಿ ಬೇರ್ಪಟ್ಟು ನಿಂತು, ಉತ್ತರ ಗೋಳಾರ್ಧದಲ್ಲಾದರೆ ಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ಅದರ ದಕ್ಷಿಣ ಮಗ್ಗುಲಿನಲ್ಲಿ ಗಾಳಿ ವಾಡಿಕೆಗೆ ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಗಾಳಿಯ ದಿಕ್ಕು ಹೀಗೆ ತಿರುಗಿಬೀಳುವುದೇ ತಡೆಯ ಅತಿ ಸ್ಪಷ್ಟ ಲಕ್ಷಣ. ಇಷ್ಟಾದ ಮೇಲೆ ಆ ವ್ಯವಸ್ಥೆ ಬಹುತೇಕ ಅಲ್ಲೇ ನಿಲ್ಲುತ್ತದೆ, ಇಲ್ಲವೇ ನಿಧಾನವಾಗಿ ಪಶ್ಚಿಮಕ್ಕೆ ಹಿಂದೆ ಸರಿಯುವುದೂ ಉಂಟು.

ಅಧಿಕ ಒತ್ತಡದ ಒಳಗೆ ಗಾಳಿ ಕೆಳಕ್ಕಿಳಿಯುತ್ತದೆ. ಒಣ ಗಾಳಿ ಒಂದು ಕಿಲೋಮೀಟರ್ ಇಳಿದಾಗ ಒತ್ತಡಕ್ಕೆ ಸಿಕ್ಕಿ ಸುಮಾರು 9.8 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಮೋಡ ಕರಗಿ ಆಕಾಶ ತಿಳಿಯಾಗುತ್ತದೆ. ಬೇಸಿಗೆಯಲ್ಲಿ ಬಿಸಿಲು ನೇರವಾಗಿ ನೆಲಕ್ಕೆ ಬಿದ್ದು ಮಣ್ಣಿನ ತೇವ ಆರುತ್ತದೆ. ತೇವ ಆರಿದ ಮೇಲೆ ಸೂರ್ಯನ ಶಾಖ ನೀರನ್ನು ಆವಿ ಮಾಡಲು ಖರ್ಚಾಗದೆ ಗಾಳಿಯನ್ನೇ ಕಾಯಿಸುತ್ತದೆ. ಹೀಗಾಗಿ ತಡೆಯ ಕೆಳಗಿನ ಬಿಸಿ ದಿನ ಕಳೆದಂತೆ ಹೆಚ್ಚು ಉಗ್ರವಾಗುತ್ತದೆ. ಚಳಿಗಾಲದಲ್ಲಿ ಅದೇ ತಿಳಿಯಾದ ಆಕಾಶದಿಂದಾಗಿ ರಾತ್ರಿ ನೆಲದ ಶಾಖ ಹೊರಟುಹೋಗುತ್ತದೆ. ತಡೆಯ ಪೂರ್ವ ಮತ್ತು ದಕ್ಷಿಣ ಮಗ್ಗುಲಿನಲ್ಲಿ ಧ್ರುವ ಪ್ರದೇಶದ ಹಾಗೂ ಖಂಡದ ಒಳನಾಡಿನ ಚಳಿಗಾಳಿ ನುಗ್ಗುತ್ತದೆ. ನಗರಗಳಲ್ಲಿ ಹೊಗೆ ಮೇಲೇಳದೆ ಕೆಳಪದರದಲ್ಲೇ ಸೇರಿಕೊಳ್ಳುತ್ತದೆ.

ವಿಧಗಳು

ನಕ್ಷೆಯಲ್ಲಿ ಕಾಣುವ ಆಕಾರದ ಮೇಲೆ ತಡೆಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಉತ್ತರದಲ್ಲಿ ಅಧಿಕ ಒತ್ತಡ, ಅದರ ನೇರ ದಕ್ಷಿಣಕ್ಕೆ ಕಡಿಮೆ ಒತ್ತಡ ಜೋಡಿಯಾಗಿ ನಿಂತದ್ದು ರೆಕ್ಸ್ ತಡೆ. ನಡುವೆ ಅಧಿಕ ಒತ್ತಡವಿದ್ದು ಅದರ ಪೂರ್ವ ಮತ್ತು ಪಶ್ಚಿಮ ಎರಡೂ ಕಡೆ ಕಡಿಮೆ ಒತ್ತಡವಿದ್ದರೆ ಗಾಳಿಯ ರೇಖೆಗಳು ಗ್ರೀಕ್ ಅಕ್ಷರ ಒಮೆಗಾದ ಆಕಾರ ತಾಳುತ್ತವೆ. ಇದು ಒಮೆಗಾ ತಡೆ. ಸುಳಿಯಾಗಿ ಬೇರ್ಪಡದೆ, ಅಲೆಯ ಉಬ್ಬು ಮಾತ್ರ ಬಹುಕಾಲ ಅಲುಗದೆ ನಿಂತದ್ದು ಮೂರನೆಯದು. ಇದನ್ನು ತೆರೆದ ರಿಜ್ ಎನ್ನುತ್ತಾರೆ. ಉಪೋಷ್ಣ ವಲಯದಲ್ಲಿ ವರ್ಷವಿಡೀ ಇರುವ ಅಧಿಕ ಒತ್ತಡದ ಪಟ್ಟಿ ತಡೆಯ ಲೆಕ್ಕಕ್ಕೆ ಸೇರುವುದಿಲ್ಲ. ಅದು ಆ ಅಕ್ಷಾಂಶಗಳ ವಾಡಿಕೆಯ ಸ್ಥಿತಿ, ಯಾವ ಹರಿವಿಗೂ ಅಡ್ಡಿಯಲ್ಲ. ಈ ಎರಡನ್ನು ಬೇರ್ಪಡಿಸುವುದು ಗುರುತಿಸುವ ಪ್ರತಿಯೊಂದು ವಿಧಾನಕ್ಕೂ ಎದುರಾಗುವ ಮೊದಲ ಪರೀಕ್ಷೆ.

ಅಳತೆಗೆ ಆಧಾರವಾದ ದತ್ತಾಂಶ

ತಡೆಯ ಅಳತೆಗೆ ಹೆಚ್ಚಾಗಿ ಬಳಸುವುದು 500 ಹೆಕ್ಟೊಪಾಸ್ಕಲ್ ಒತ್ತಡ ಮಟ್ಟದ ಎತ್ತರ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1,013 ಹೆಕ್ಟೊಪಾಸ್ಕಲ್. ಮೇಲೇರುತ್ತಾ ಹೋದಂತೆ ಅದು 500ಕ್ಕೆ ಇಳಿಯುವುದು ಸರಿಸುಮಾರು ಐದೂವರೆ ಕಿಲೋಮೀಟರ್ ಎತ್ತರದಲ್ಲಿ. ಬೆಚ್ಚನೆಯ ಗಾಳಿ ಹಿಗ್ಗುವುದರಿಂದ ಉಷ್ಣವಲಯದಲ್ಲಿ ಈ ಮಟ್ಟ ಎತ್ತರದಲ್ಲಿದ್ದು ಧ್ರುವದ ಕಡೆಗೆ ತಗ್ಗುತ್ತಾ ಹೋಗುತ್ತದೆ. ಈ ಇಳಿಜಾರಿಗೂ ಭೂಮಿಯ ಆವರ್ತನೆಗೂ ಹೊಂದಿಕೊಂಡು ಪಶ್ಚಿಮ ಮಾರುತ ಬೀಸುತ್ತದೆ. ಇಳಿಜಾರು ಕಡಿದಾದಷ್ಟೂ ಗಾಳಿ ಜೋರು. ಇಳಿಜಾರು ತಿರುಗುಮುರುಗಾದರೆ ಗಾಳಿಯ ದಿಕ್ಕೂ ತಿರುಗುತ್ತದೆ. ಎತ್ತರದ ನಕ್ಷೆಯೊಂದಿದ್ದರೆ ಗಾಳಿಯನ್ನು ಪ್ರತ್ಯೇಕವಾಗಿ ಅಳೆಯದೆಯೂ ತಡೆಯನ್ನು ಕಂಡುಹಿಡಿಯಬಹುದು ಎಂಬುದು ಈ ಸಂಬಂಧದ ಪ್ರಯೋಜನ.

ಈ ಮಾಹಿತಿ ಮೊದಲು ಬಂದದ್ದು ಬಲೂನಿಗೆ ಕಟ್ಟಿ ಹಾರಿಬಿಡುವ ರೇಡಿಯೊಸಾಂಡ್ ಉಪಕರಣಗಳಿಂದ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅವುಗಳ ಜಾಲ ವಿಸ್ತರಿಸಿದ್ದರಿಂದಲೇ ಮೇಲ್ಪದರಗಳ ನಕ್ಷೆ ಬರೆಯುವುದು ದಿನನಿತ್ಯದ ಕೆಲಸವಾಯಿತು. ಈಗ ಬಲೂನು, ವಿಮಾನ, ಹಡಗು ಮತ್ತು ಉಪಗ್ರಹಗಳ ಅಳತೆಗಳನ್ನು ಒಂದೇ ಕಂಪ್ಯೂಟರ್ ಮಾದರಿಯಲ್ಲಿ ಹೊಂದಿಸಿ ಹಿಂದಿನ ದಶಕಗಳ ಪೂರ್ತಿ ಚಿತ್ರ ಕಟ್ಟುವ ಮರುವಿಶ್ಲೇಷಣೆಗಳನ್ನು ಬಳಸುತ್ತಾರೆ. ಅಮೆರಿಕದ ಎನ್‌ಸಿಇಪಿ–ಎನ್‌ಸಿಎಆರ್ ಮರುವಿಶ್ಲೇಷಣೆ 1948ರಿಂದ ಈಚಿನ ಮಾಹಿತಿಯನ್ನು ಎರಡೂವರೆ ಡಿಗ್ರಿಯ ಚೌಕಗಳಲ್ಲಿ ಕೊಡುತ್ತದೆ. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಇಆರ್‌ಎ-5 ದತ್ತಾಂಶ 1940ರಿಂದ ಈಚಿನ ಪ್ರತಿ ಗಂಟೆಯ ಸ್ಥಿತಿಯನ್ನು ಸುಮಾರು 31 ಕಿಲೋಮೀಟರ್ ಅಂತರದಲ್ಲಿ ಒದಗಿಸುತ್ತದೆ.

ಮೊದಲ ವ್ಯಾಖ್ಯೆ: ರೆಕ್ಸ್

ಒಂದೇ ಕಡೆ ನಿಲ್ಲುವ ಅಧಿಕ ಒತ್ತಡಗಳು 20ನೆಯ ಶತಮಾನದ ಆರಂಭದಲ್ಲೇ ಮುನ್ಸೂಚಕರ ಗಮನಕ್ಕೆ ಬಂದಿದ್ದವು. 1949ರಲ್ಲಿ ಬೆರ್ಗ್‌ಗ್ರೆನ್, ಬರ್ಟ್ ಬೋಲಿನ್ ಮತ್ತು ರಾಸ್‌ಬಿ ಪಶ್ಚಿಮದ ಹರಿವು ಮುರಿದುಬೀಳುವ ಬಗೆಯನ್ನು ಮೇಲ್ಪದರಗಳ ಮಾಹಿತಿಯಿಂದ ವಿವರಿಸಿದರು. ಮರುವರ್ಷ, 1950ರಲ್ಲಿ, ಡೇನಿಯಲ್ ರೆಕ್ಸ್ ಸ್ವೀಡನ್ನಿನ ‘ಟೆಲಸ್’ ಪತ್ರಿಕೆಯಲ್ಲಿ ತಡೆಗೆ ಮೊದಲ ಬಾರಿಗೆ ನಿಯಮಬದ್ಧ ವ್ಯಾಖ್ಯೆ ಕೊಟ್ಟರು. ಪಶ್ಚಿಮದ ಹರಿವು ಎರಡು ಕವಲಾಗಬೇಕು. ಎರಡು ಕವಲುಗಳಲ್ಲೂ ಗಣನೀಯ ಪ್ರಮಾಣದ ಗಾಳಿ ಸಾಗಬೇಕು. ಜೋಡಿ ಜೆಟ್ ಕನಿಷ್ಠ 45 ಡಿಗ್ರಿ ರೇಖಾಂಶದಷ್ಟು ಉದ್ದಕ್ಕೆ ಹಬ್ಬಿರಬೇಕು. ಕವಲೊಡೆಯುವ ಕಡೆ ಪಶ್ಚಿಮ–ಪೂರ್ವದ ಹರಿವು ಥಟ್ಟನೆ ಉತ್ತರ–ದಕ್ಷಿಣಕ್ಕೆ ತಿರುಗಬೇಕು. ಈ ವಿನ್ಯಾಸ ಕನಿಷ್ಠ 10 ದಿನ ಬಾಳಬೇಕು.

ರೆಕ್ಸ್ ವ್ಯಾಖ್ಯೆಯ ಅರ್ಧ ಭಾಗ ಅಂಕಿಗಳಲ್ಲಿದೆ, ಉಳಿದರ್ಧ ನೋಡುವವರ ವಿವೇಚನೆಗೆ ಬಿಟ್ಟದ್ದು. ‘ಗಣನೀಯ’ ಎಂದರೆ ಎಷ್ಟು, ‘ಥಟ್ಟನೆ’ ಎಂದರೆ ಎಷ್ಟು ದೂರದೊಳಗೆ ಎಂಬುದರಲ್ಲಿ ಇಬ್ಬರು ವಿಶ್ಲೇಷಕರು ಒಪ್ಪಲೇಬೇಕೆಂದಿಲ್ಲ. ಹತ್ತಾರು ವರ್ಷಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಶೋಧಿಸುವ ಕಾಲ ಬಂದಾಗ ಪೂರ್ತಿ ಅಂಕಿಗಳಲ್ಲೇ ಹೇಳಬಲ್ಲ ನಿಯಮ ಅಗತ್ಯವಾಯಿತು.

ಇಳಿಜಾರಿನ ಸೂಚ್ಯಂಕಗಳು

1983ರಲ್ಲಿ ಲೆಯೆನಾಸ್ ಮತ್ತು ಓಕ್‌ಲಾಂಡ್ ಸರಳ ನಿಯಮವೊಂದನ್ನು ಮುಂದಿಟ್ಟರು. ಒಂದು ರೇಖಾಂಶದಲ್ಲಿ 40 ಡಿಗ್ರಿ ಉತ್ತರದ 500 ಹೆಕ್ಟೊಪಾಸ್ಕಲ್ ಎತ್ತರದಿಂದ 60 ಡಿಗ್ರಿ ಉತ್ತರದ ಎತ್ತರವನ್ನು ಕಳೆದಾಗ ಉತ್ತರ ಋಣವಾಗಿದ್ದರೆ ಅಲ್ಲಿ ತಡೆ ಇದೆ. ಈ ನಿಯಮಕ್ಕೆ ಒಂದು ದೋಷವಿತ್ತು. ಪಶ್ಚಿಮದ ಹರಿವು ಪೂರ್ತಿಯಾಗಿ ಧ್ರುವದ ಕಡೆಗೆ ಅಥವಾ ಸಮಭಾಜಕದ ಕಡೆಗೆ ಸರಿದ ದಿನಗಳೂ ಕೆಲವೊಮ್ಮೆ ತಡೆಯ ಪಟ್ಟಿಗೆ ಸೇರುತ್ತಿದ್ದವು.

1990ರಲ್ಲಿ ಸ್ಟೆಫಾನೊ ಟಿಬಾಲ್ಡಿ ಮತ್ತು ಫ್ರಾಂಕೊ ಮೊಲ್ಟೆನಿ ಇದಕ್ಕೆ ಎರಡನೆಯ ಷರತ್ತು ಸೇರಿಸಿದರು. ಅವರ ವಿಧಾನದಲ್ಲಿ ಪ್ರತಿ ರೇಖಾಂಶಕ್ಕೂ ಎರಡು ಇಳಿಜಾರುಗಳನ್ನು ಲೆಕ್ಕ ಹಾಕುತ್ತಾರೆ: ಸುಮಾರು 40ರಿಂದ 60 ಡಿಗ್ರಿವರೆಗಿನ ದಕ್ಷಿಣದ ಇಳಿಜಾರು ಮತ್ತು ಸುಮಾರು 60ರಿಂದ 80 ಡಿಗ್ರಿವರೆಗಿನ ಉತ್ತರದ ಇಳಿಜಾರು. ಮೊದಲನೆಯದು ಸೊನ್ನೆಗಿಂತ ಹೆಚ್ಚಿರಬೇಕು, ಅಂದರೆ ದಕ್ಷಿಣ ಮಗ್ಗುಲಲ್ಲಿ ಪೂರ್ವದ ಗಾಳಿ ಇರಬೇಕು. ಎರಡನೆಯದು ಪ್ರತಿ ಡಿಗ್ರಿಗೆ ಋಣ 10 ಮೀಟರಿಗಿಂತ ಕಡಿಮೆಯಿರಬೇಕು, ಅಂದರೆ ಉತ್ತರದಲ್ಲಿ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತಿರಬೇಕು. ತಡೆಯ ಕೇಂದ್ರ ಸ್ವಲ್ಪ ಆಚೀಚೆ ಇರಬಹುದಾದ್ದರಿಂದ ಮೂರು ಅಕ್ಷಾಂಶಗಳನ್ನೂ ಒಟ್ಟಿಗೆ ನಾಲ್ಕೈದು ಡಿಗ್ರಿ ಮೇಲೆ ಕೆಳಗೆ ಸರಿಸಿ ನೋಡುತ್ತಾರೆ. ಒಂದು ಸ್ಥಾನದಲ್ಲಾದರೂ ಎರಡೂ ಷರತ್ತು ಈಡೇರಿದರೆ ಆ ರೇಖಾಂಶ ಆ ದಿನ ತಡೆಗೊಳಗಾಗಿದೆ ಎಂದರ್ಥ.

ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಮಾದರಿ ಅಂಕಿಗಳಲ್ಲಿ ನೋಡಬಹುದು. ಒಂದು ರೇಖಾಂಶದಲ್ಲಿ 500 ಹೆಕ್ಟೊಪಾಸ್ಕಲ್ ಮಟ್ಟದ ಎತ್ತರ 40 ಡಿಗ್ರಿಯಲ್ಲಿ 5,650 ಮೀಟರ್, 60 ಡಿಗ್ರಿಯಲ್ಲಿ 5,300, 80 ಡಿಗ್ರಿಯಲ್ಲಿ 5,150 ಇದೆ ಎಂದುಕೊಳ್ಳೋಣ. ದಕ್ಷಿಣದ ಇಳಿಜಾರು: 5,300ರಿಂದ 5,650 ಕಳೆದು 20ರಿಂದ ಭಾಗಿಸಿದರೆ ಪ್ರತಿ ಡಿಗ್ರಿಗೆ ಋಣ 17.5 ಮೀಟರ್. ಇದು 50 ಡಿಗ್ರಿ ಅಕ್ಷಾಂಶದಲ್ಲಿ ಸೆಕೆಂಡಿಗೆ ಸುಮಾರು 14 ಮೀಟರ್ ವೇಗದ ಪಶ್ಚಿಮ ಮಾರುತಕ್ಕೆ ಸಮ. ಮೊದಲ ಷರತ್ತೇ ಈಡೇರಲಿಲ್ಲ, ತಡೆ ಇಲ್ಲ. ಇನ್ನೊಂದು ದಿನ ಅದೇ ಸ್ಥಳಗಳಲ್ಲಿ ಎತ್ತರ ಕ್ರಮವಾಗಿ 5,640, 5,740 ಮತ್ತು 5,400 ಮೀಟರ್ ಎನ್ನೋಣ. ಈಗ 60 ಡಿಗ್ರಿಯ ಎತ್ತರ 40 ಡಿಗ್ರಿಯದನ್ನು ಮೀರಿದೆ. ದಕ್ಷಿಣದ ಇಳಿಜಾರು ಪ್ರತಿ ಡಿಗ್ರಿಗೆ ಧನ 5 ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದ ಪೂರ್ವದ ಗಾಳಿ. ಉತ್ತರದ ಇಳಿಜಾರು ಋಣ 17 ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್ ವೇಗದ ಪಶ್ಚಿಮದ ಗಾಳಿ. ಎರಡೂ ಷರತ್ತು ಈಡೇರಿವೆ, ಆ ರೇಖಾಂಶದಲ್ಲಿ ತಡೆ ಇದೆ.

ಒಂದು ದಿನ, ಒಂದು ರೇಖಾಂಶದಲ್ಲಿ ಹೀಗಾದರೆ ಸಾಲದು. ಅಕ್ಕಪಕ್ಕದ ರೇಖಾಂಶಗಳೂ ಸೇರಿ ಕನಿಷ್ಠ 12ರಿಂದ 15 ಡಿಗ್ರಿ ಅಗಲಕ್ಕೆ ತಡೆ ಇರಬೇಕು, ಅದು ನಾಲ್ಕೈದು ದಿನವಾದರೂ ಮುಂದುವರಿಯಬೇಕು ಎಂದು ಮುಂದಿನ ಅಧ್ಯಯನಗಳು ಗೊತ್ತುಮಾಡಿಕೊಂಡವು. ರೆಕ್ಸ್ ಹೇಳಿದ 10 ದಿನ ಈಗ ಸಾಮಾನ್ಯವಾಗಿ 5 ದಿನಕ್ಕೆ ಇಳಿದಿದೆ.

ಈ ಸೂಚ್ಯಂಕದ ಮಿತಿ ಎಂದರೆ 60 ಡಿಗ್ರಿ ಅಕ್ಷಾಂಶಕ್ಕೆ ಅಂಟಿಕೊಂಡಿರುವುದು. ಜೆಟ್ ಪ್ರವಾಹದ ಸ್ಥಾನ ಋತುವಿಗೂ ರೇಖಾಂಶಕ್ಕೂ ಬದಲಾಗುತ್ತದೆ. ಆದ್ದರಿಂದ 2006ರಲ್ಲಿ ಶೆರರ್ ಮತ್ತು ಸಂಗಡಿಗರು ಇದೇ ನಿಯಮವನ್ನು ಪ್ರತಿ ಅಕ್ಷಾಂಶಕ್ಕೂ ಅನ್ವಯಿಸಿ ರೇಖೆಯ ಬದಲು ಪೂರ್ಣ ನಕ್ಷೆಯ ಮೇಲೆ ತಡೆಯನ್ನು ಗುರುತಿಸಿದರು. 2012ರಲ್ಲಿ ದಾವಿನಿ ಮತ್ತು ಸಂಗಡಿಗರು, ಉಪೋಷ್ಣ ಅಧಿಕ ಒತ್ತಡದ ಹತ್ತಿರ ಗಾಳಿಯ ದಿಕ್ಕು ಬದಲಾದರೂ ಮಾರುತಗಳ ದಾರಿಗೆ ಅಡ್ಡಿಯಾಗದ ಕೆಳ ಅಕ್ಷಾಂಶದ ಪ್ರಸಂಗಗಳನ್ನು ಬೇರ್ಪಡಿಸುವ ಷರತ್ತು ಸೇರಿಸಿದರು.

ವಾಡಿಕೆಯಿಂದ ಅಂತರ ಅಳೆಯುವ ವಿಧಾನ

1983ರಲ್ಲೇ ರಾಂಡಲ್ ಡೋಲ್ ಮತ್ತು ನೀಲ್ ಗಾರ್ಡನ್ ಬೇರೆ ದಾರಿ ಹಿಡಿದರು. ಗಾಳಿಯ ದಿಕ್ಕು ತಿರುಗಿತೇ ಎಂದು ಕೇಳುವ ಬದಲು, ಆ ಸ್ಥಳದಲ್ಲಿ ಆ ಋತುವಿಗೆ ವಾಡಿಕೆಯಾದ ಎತ್ತರಕ್ಕಿಂತ ಈಗಿನದು ಎಷ್ಟು ಮೇಲಿದೆ, ಎಷ್ಟು ದಿನ ಮೇಲಿತ್ತು ಎಂದು ಅವರು ಕೇಳಿದರು. ಅಂತರ 100 ಮೀಟರ್ ದಾಟಿ 10 ದಿನ ಉಳಿಯಬೇಕು ಎಂಬಂಥ ಮಿತಿಗಳನ್ನು ಬಳಸಿ ಉತ್ತರ ಪೆಸಿಫಿಕ್, ಉತ್ತರ ಅಟ್ಲಾಂಟಿಕ್ ಮತ್ತು ಆಗಿನ ಸೋವಿಯತ್ ಒಕ್ಕೂಟದ ಉತ್ತರ ಭಾಗ ಎಂಬ ಮೂರು ಮುಖ್ಯ ನೆಲೆಗಳನ್ನು ಅವರು ಗುರುತಿಸಿದರು.

ಈ ವಿಧಾನ ರೆಕ್ಸ್ ಮತ್ತು ಒಮೆಗಾ ತಡೆಗಳ ಜೊತೆಗೆ ತೆರೆದ ರಿಜ್‌ಗಳನ್ನೂ ಹಿಡಿಯುತ್ತದೆ. ಬಿಸಿಗಾಳಿಯ ಅಧ್ಯಯನಕ್ಕೆ ಇದು ಅನುಕೂಲ, ಏಕೆಂದರೆ ಸುಳಿಯಾಗಿ ಬೇರ್ಪಡದ ರಿಜ್ ಕೂಡ ಬೇಸಿಗೆಯಲ್ಲಿ ಸಾಕಷ್ಟು ಸುಡುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಭೂಮಿ ಬಿಸಿಯಾದಂತೆ ಗಾಳಿಯ ಪದರ ಹಿಗ್ಗಿ 500 ಹೆಕ್ಟೊಪಾಸ್ಕಲ್ ಮಟ್ಟ ಎಲ್ಲೆಡೆ ಮೇಲೇರುತ್ತಿದೆ. ಹಳೆಯ ದಶಕಗಳ ವಾಡಿಕೆಗೆ ಹೋಲಿಸಿದರೆ, ಹರಿವಿನಲ್ಲಿ ಯಾವ ಬದಲಾವಣೆ ಇಲ್ಲದಿದ್ದರೂ ಹೊಸ ದಶಕಗಳಲ್ಲಿ ತಡೆ ಹೆಚ್ಚಿದಂತೆ ಲೆಕ್ಕ ತೋರಿಸುತ್ತದೆ. ಇದನ್ನು ತಪ್ಪಿಸಲು ದೀರ್ಘಾವಧಿಯ ಏರಿಕೆಯನ್ನು ಮೊದಲೇ ಕಳೆಯಬೇಕಾಗುತ್ತದೆ. ಅಂತರದ ಮಿತಿ ಮತ್ತು ದಿಕ್ಕು ತಿರುಗುವ ಷರತ್ತು ಎರಡನ್ನೂ ಕೂಡಿಸಿದ ಮಿಶ್ರ ಸೂಚ್ಯಂಕಗಳೂ ಈಚೆಗೆ ಬಳಕೆಯಲ್ಲಿವೆ.

ಪೊಟೆನ್ಷಿಯಲ್ ವರ್ಟಿಸಿಟಿ ಆಧಾರಿತ ವಿಧಾನಗಳು

ಗಾಳಿಯ ಸುತ್ತುವಿಕೆಯನ್ನೂ ಅದರ ಪದರಗಳ ಸ್ಥಿರತೆಯನ್ನೂ ಒಟ್ಟಿಗೆ ಹೇಳುವ ರಾಶಿಗೆ ಪೊಟೆನ್ಷಿಯಲ್ ವರ್ಟಿಸಿಟಿ ಎಂದು ಹೆಸರು. ಘರ್ಷಣೆ ಮತ್ತು ಶಾಖ ವಿನಿಮಯ ಇಲ್ಲದಿದ್ದರೆ ಚಲಿಸುವ ಗಾಳಿಯ ರಾಶಿ ತನ್ನ ಈ ಮೌಲ್ಯವನ್ನು ಕಾಯ್ದುಕೊಳ್ಳುತ್ತದೆ. ಆದ್ದರಿಂದ ಇದು ಗಾಳಿ ಎಲ್ಲಿಂದ ಬಂತು ಎಂಬುದರ ಗುರುತಾಗಿಯೂ ಕೆಲಸ ಮಾಡುತ್ತದೆ. ತಡೆಯ ಮೇಲ್ಭಾಗದಲ್ಲಿ ಕೆಳ ಅಕ್ಷಾಂಶಗಳಿಂದ ಬಂದ, ಪೊಟೆನ್ಷಿಯಲ್ ವರ್ಟಿಸಿಟಿ ಕಡಿಮೆಯಿರುವ ಗಾಳಿ ಇರುತ್ತದೆ.

2003ರಲ್ಲಿ ಪೆಲಿ ಮತ್ತು ಬ್ರಯಾನ್ ಹಾಸ್ಕಿನ್ಸ್ ವಾಯುಮಂಡಲದ ಕೆಳಪದರಕ್ಕೂ ಸ್ಟ್ರಾಟೊಸ್ಫಿಯರಿಗೂ ನಡುವಣ ಗಡಿಯ ಮೇಲೆ ಉತ್ತರ ಮತ್ತು ದಕ್ಷಿಣದ ಉಷ್ಣತೆಯನ್ನು ಹೋಲಿಸುವ ಸೂಚ್ಯಂಕ ರೂಪಿಸಿದರು. ಒತ್ತಡದ ಪರಿಣಾಮವನ್ನು ಕಳೆದ ಈ ಉಷ್ಣತೆ ವಾಡಿಕೆಯಂತೆ ದಕ್ಷಿಣದಲ್ಲಿ ಹೆಚ್ಚು. ಅಲೆ ಮುರಿದು ಬೆಚ್ಚನೆಯ ಗಾಳಿ ಉತ್ತರಕ್ಕೆ ಸೇರಿದಾಗ ಹೋಲಿಕೆ ತಲೆಕೆಳಗಾಗುತ್ತದೆ. ಅವರು ಕೇಂದ್ರ ಅಕ್ಷಾಂಶವನ್ನು 60 ಡಿಗ್ರಿಗೆ ಕಟ್ಟಿಹಾಕದೆ, ಪ್ರತಿ ರೇಖಾಂಶದಲ್ಲಿ ಮಾರುತಗಳ ಚಟುವಟಿಕೆ ಅತಿ ಹೆಚ್ಚಿರುವಲ್ಲಿ ಇಟ್ಟರು. ಮರುವರ್ಷ ಜ್ಯೂರಿಕ್‌ನ ಶ್ವೀರ್ಜ್, ಕ್ರೋಚಿ-ಮಾಸ್ಪೊಲಿ ಮತ್ತು ಡೇವಿಸ್ 500ರಿಂದ 150 ಹೆಕ್ಟೊಪಾಸ್ಕಲ್‌ವರೆಗಿನ ಪದರದ ಸರಾಸರಿ ಪೊಟೆನ್ಷಿಯಲ್ ವರ್ಟಿಸಿಟಿ ವಾಡಿಕೆಗಿಂತ ಬಹಳ ತಗ್ಗಿದ ಪ್ರದೇಶಗಳನ್ನು ಗುರುತಿಸಿ, ಅವುಗಳನ್ನು ಹೊತ್ತಿನಿಂದ ಹೊತ್ತಿಗೆ ಹಿಂಬಾಲಿಸುವ ವಿಧಾನ ಕೊಟ್ಟರು. ಒಂದು ಹೊತ್ತಿನ ಪ್ರದೇಶ ಮುಂದಿನ ಹೊತ್ತಿನ ಪ್ರದೇಶದ ಮೇಲೆ ಬಹುಪಾಲು ಒರಗಿದ್ದರೆ ಅದೇ ತಡೆ ಮುಂದುವರಿದಿದೆ ಎಂದು ಲೆಕ್ಕ. ಒಂದು ತಡೆಯ ಹುಟ್ಟು, ಬೆಳವಣಿಗೆ, ಚಲನೆ ಮತ್ತು ಅಳಿವನ್ನು ಪೂರ್ತಿಯಾಗಿ ಬರೆದಿಡಲು ಇದು ಸಹಾಯಕ.

ತೀವ್ರತೆಯ ಅಳತೆ

ತಡೆ ಇದೆ ಎಂದು ತಿಳಿದ ಮೇಲೆ ಅದರ ಬಲ ಅಳೆಯಬೇಕು. ಲೂಪೊ ಮತ್ತು ಸ್ಮಿತ್ 1995ರಲ್ಲಿ ಆರಂಭಿಸಿದ, 2002ರಲ್ಲಿ ವೀಡನ್‌ಮನ್ ಮತ್ತು ಸಂಗಡಿಗರು ಸ್ವಯಂಚಾಲಿತವಾಗಿಸಿದ ಸೂಚ್ಯಂಕ ಇದಕ್ಕೆ ಬಳಕೆಯಲ್ಲಿದೆ. ತಡೆಯ ಕೇಂದ್ರದ ಅತಿ ಹೆಚ್ಚಿನ ಎತ್ತರವನ್ನು ಅದರ ಎರಡೂ ಬದಿಯ ಟ್ರಫ್‌ಗಳಿಗೆ ಹೋಲಿಸುವುದು ಇದರ ತಿರುಳು. ಮಾದರಿಗೆ, ಕೇಂದ್ರದಲ್ಲಿ 5,900 ಮೀಟರ್, ಪಶ್ಚಿಮದ ಟ್ರಫ್‌ನಲ್ಲಿ 5,500, ಪೂರ್ವದ ಟ್ರಫ್‌ನಲ್ಲಿ 5,540 ಇದ್ದರೆ, ಕೇಂದ್ರದೊಡನೆ ಅವುಗಳ ಸರಾಸರಿ ಕ್ರಮವಾಗಿ 5,700 ಮತ್ತು 5,720. ಆ ಎರಡರ ಸರಾಸರಿ 5,710. ಇದರಿಂದ 5,900ನ್ನು ಭಾಗಿಸಿ, 1 ಕಳೆದು, 100ರಿಂದ ಗುಣಿಸಿದರೆ 3.3 ಬರುತ್ತದೆ. 2ಕ್ಕಿಂತ ಕಡಿಮೆಯಾದರೆ ದುರ್ಬಲ, 2ರಿಂದ 4.3ರವರೆಗೆ ಮಧ್ಯಮ, ಅದಕ್ಕೂ ಮೇಲಾದರೆ ಪ್ರಬಲ. ನಮ್ಮ ಮಾದರಿಯ ತಡೆ ಮಧ್ಯಮ ಬಲದ್ದು. ಇದಲ್ಲದೆ ತಡೆ ಬಾಳಿದ ದಿನಗಳು, ಆವರಿಸಿದ ವಿಸ್ತೀರ್ಣ, ಕೇಂದ್ರ ಸರಿದ ವೇಗ ಇವನ್ನೂ ಪ್ರತ್ಯೇಕವಾಗಿ ದಾಖಲಿಸುತ್ತಾರೆ.

ಪ್ರಾದೇಶಿಕ ಸೂಚ್ಯಂಕಗಳು

ಕೆಲವು ಪ್ರದೇಶಗಳಿಗೆ ತಮ್ಮದೇ ಅಳತೆಗಳಿವೆ. ಗ್ರೀನ್‌ಲ್ಯಾಂಡ್ ತಡೆ ಸೂಚ್ಯಂಕವು 60ರಿಂದ 80 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 20ರಿಂದ 80 ಡಿಗ್ರಿ ಪಶ್ಚಿಮ ರೇಖಾಂಶದ ನಡುವಿನ 500 ಹೆಕ್ಟೊಪಾಸ್ಕಲ್ ಎತ್ತರದ ಸರಾಸರಿ. ಹಿಮಹಾಸಿನ ಕರಗುವಿಕೆಯನ್ನು ಅರಿಯಲು ಇದು ಮುಖ್ಯ. 2012ರ ಜುಲೈ ಮಧ್ಯಭಾಗದಲ್ಲಿ ಗ್ರೀನ್‌ಲ್ಯಾಂಡಿನ ಮೇಲೆ ಬೆಚ್ಚನೆಯ ರಿಜ್ ನಿಂತಾಗ ಅಲ್ಲಿನ ಹಿಮಹಾಸಿನ ಬಹುತೇಕ ಇಡೀ ಮೇಲ್ಮೈ ಕರಗತೊಡಗಿದ್ದನ್ನು ಉಪಗ್ರಹಗಳು ದಾಖಲಿಸಿದವು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿದ್ದ ತಡೆಯಿಂದಾಗಿ ಸ್ಯಾಂಡಿ ಚಂಡಮಾರುತ ಸಾಗರದ ಕಡೆಗೆ ಹೊರಳಲಾಗದೆ ಪಶ್ಚಿಮಕ್ಕೆ ತಿರುಗಿ ಅಕ್ಟೋಬರ್ 29ರಂದು ನ್ಯೂಜೆರ್ಸಿಯ ಕರಾವಳಿಗೆ ಅಪ್ಪಳಿಸಿತು.

ದಕ್ಷಿಣ ಗೋಳಾರ್ಧದಲ್ಲಿ ಆಸ್ಟ್ರೇಲಿಯಾದ ಹವಾಮಾನ ಸಂಸ್ಥೆ ಎತ್ತರದ ಬದಲು ನೇರವಾಗಿ 500 ಹೆಕ್ಟೊಪಾಸ್ಕಲ್ ಮಟ್ಟದ ಗಾಳಿಯನ್ನೇ ಬಳಸುತ್ತದೆ. 25, 30, 55 ಮತ್ತು 60 ಡಿಗ್ರಿ ದಕ್ಷಿಣದ ಪಶ್ಚಿಮ ಮಾರುತದ ವೇಗಗಳನ್ನು ಕೂಡಿಸಿ, ಅದರಿಂದ 40 ಮತ್ತು 50 ಡಿಗ್ರಿಯ ವೇಗಗಳನ್ನೂ 45 ಡಿಗ್ರಿಯ ವೇಗದ ಎರಡರಷ್ಟನ್ನೂ ಕಳೆದು, ಅರ್ಧ ಮಾಡುತ್ತಾರೆ. ನಡುವಿನ ಅಕ್ಷಾಂಶಗಳಲ್ಲಿ ಗಾಳಿ ಕುಗ್ಗಿ ಎರಡೂ ಬದಿಯಲ್ಲಿ ಹೆಚ್ಚಿದಷ್ಟೂ ಈ ಸಂಖ್ಯೆ ದೊಡ್ಡದಾಗುತ್ತದೆ.

ಹಂಚಿಕೆ

ಉತ್ತರ ಗೋಳಾರ್ಧದಲ್ಲಿ ತಡೆಗಳು ಮುಖ್ಯವಾಗಿ ಜೆಟ್ ಪ್ರವಾಹ ದುರ್ಬಲಗೊಂಡು ಹರಡುವ ಕಡೆ, ಅಂದರೆ ಮಹಾಸಾಗರಗಳ ಪೂರ್ವ ಭಾಗ ಮತ್ತು ಅದಕ್ಕೆ ಹೊಂದಿದ ಭೂಭಾಗಗಳಲ್ಲಿ ಕಾಣಿಸುತ್ತವೆ. ಈಶಾನ್ಯ ಅಟ್ಲಾಂಟಿಕ್ ಮತ್ತು ಯುರೋಪ್, ಉತ್ತರ ಪೆಸಿಫಿಕ್, ಗ್ರೀನ್‌ಲ್ಯಾಂಡ್ ಹಾಗೂ ಯುರಲ್ ಪರ್ವತಗಳ ಸುತ್ತ ಇವುಗಳ ನೆಲೆ. ದಕ್ಷಿಣ ಗೋಳಾರ್ಧದಲ್ಲಿ ಎತ್ತರದ ಪರ್ವತ ಮತ್ತು ಭೂಭಾಗಗಳು ಕಡಿಮೆಯಾದ್ದರಿಂದ ಅಲೆಗಳು ಅಷ್ಟು ದೊಡ್ಡದಾಗಿ ಬೆಳೆಯುವುದಿಲ್ಲ, ತಡೆಗಳೂ ಕಡಿಮೆ. ಅಲ್ಲಿ ಅವು ಹೆಚ್ಚಾಗಿ ನ್ಯೂಜಿಲೆಂಡ್ ಸುತ್ತಲಿನ ಪೆಸಿಫಿಕ್‌ನಲ್ಲಿ ಬರುತ್ತವೆ.

ಕಾರಣಗಳ ಕುರಿತ ಸಿದ್ಧಾಂತಗಳು

ತಡೆ ಏಕೆ ಹುಟ್ಟುತ್ತದೆ, ಏಕೆ ಉಳಿಯುತ್ತದೆ ಎಂಬುದಕ್ಕೆ ಹಲವು ವಿವರಣೆಗಳಿವೆ. 1979ರಲ್ಲಿ ಚಾರ್ನಿ ಮತ್ತು ಡಿವೋರ್ ಪರ್ವತಗಳಿರುವ ಭೂಮಿಯ ಮೇಲೆ ಹರಿವಿಗೆ ಒಂದಕ್ಕಿಂತ ಹೆಚ್ಚು ಸಮತೋಲ ಸ್ಥಿತಿಗಳು ಇರಬಲ್ಲವು, ತಡೆ ಅವುಗಳಲ್ಲೊಂದು ಎಂದು ಸೂಚಿಸಿದರು. 1983ರಲ್ಲಿ ಗ್ಲೆನ್ ಷಟ್ಸ್, ಪಶ್ಚಿಮದಿಂದ ಬರುವ ಸಣ್ಣ ಒತ್ತಡ ವ್ಯವಸ್ಥೆಗಳು ತಡೆಯ ಬಳಿ ಉತ್ತರ–ದಕ್ಷಿಣವಾಗಿ ಹಿಂಜಿ ಹೋಗಿ ಅದಕ್ಕೇ ಬಲ ತುಂಬುತ್ತವೆ ಎಂದು ತೋರಿಸಿದರು. 2015ರಲ್ಲಿ ಫಾಲ್ ಮತ್ತು ಸಂಗಡಿಗರು ಮೋಡ ಕಟ್ಟುವಾಗ ಹೊರಬೀಳುವ ಶಾಖದ ಪಾತ್ರವನ್ನು ಅಳೆದರು. ಉತ್ತರ ಗೋಳಾರ್ಧದ ತಡೆಗಳನ್ನು ಸೇರುವ ಗಾಳಿಯಲ್ಲಿ ಶೇ 30ರಿಂದ 45ರಷ್ಟು, ಸೇರುವ ಮುನ್ನಿನ ಮೂರು ದಿನಗಳಲ್ಲಿ 2 ಕೆಲ್ವಿನ್‌ಗಿಂತ ಹೆಚ್ಚು ಬಿಸಿಯಾಗಿರುತ್ತದೆ ಎಂಬುದು ಅವರು ಕಂಡ ಫಲಿತಾಂಶ. 2018ರಲ್ಲಿ ನಾಕಾಮುರಾ ಮತ್ತು ಹುವಾಂಗ್ ತಡೆಯನ್ನು ಹೆದ್ದಾರಿಯ ವಾಹನ ದಟ್ಟಣೆಗೆ ಬಳಸುವ ಗಣಿತದಿಂದಲೇ ವಿವರಿಸಿದರು. ಜೆಟ್ ಪ್ರವಾಹಕ್ಕೆ ಅಲೆಗಳನ್ನು ಹೊತ್ತೊಯ್ಯುವ ಮಿತಿಯೊಂದಿದೆ, ಆ ಮಿತಿ ಮೀರಿದಾಗ ಹರಿವು ಕಟ್ಟಿಕೊಳ್ಳುತ್ತದೆ ಎಂಬುದು ಅವರ ವಾದ.

2010ರ ರಷ್ಯಾದ ತಡೆ

ಹೆಚ್ಚು ಅಧ್ಯಯನಕ್ಕೆ ಒಳಗಾದ ತಡೆಗಳಲ್ಲಿ ಇದು ಪ್ರಮುಖ. 2010ರ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಯುರೋಪಿನ ರಷ್ಯಾದ ಮೇಲೆ ಅಧಿಕ ಒತ್ತಡ ಮತ್ತೆ ಮತ್ತೆ ಬಲಗೊಳ್ಳುತ್ತಾ ನಿಂತಿತು. ಜುಲೈ 29ರಂದು ಮಾಸ್ಕೊದಲ್ಲಿ ಉಷ್ಣಾಂಶ 38.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಕಾಡು ಮತ್ತು ಒಣಗಿದ ಜೌಗು ನೆಲಕ್ಕೆ ಬೆಂಕಿ ಬಿದ್ದು ರಾಜಧಾನಿ ಹೊಗೆಯಲ್ಲಿ ಮುಳುಗಿತು. ಆ ಬೇಸಿಗೆಯ ಹೆಚ್ಚುವರಿ ಸಾವುಗಳನ್ನು ಸುಮಾರು 55,000 ಎಂದು ಅಂದಾಜಿಸಲಾಗಿದೆ. ಗೋಧಿ ಬೆಳೆ ಕೈಕೊಟ್ಟಿದ್ದರಿಂದ ರಷ್ಯಾ ಆಗಸ್ಟ್ 15ರಿಂದ ಧಾನ್ಯ ರಫ್ತು ನಿಷೇಧಿಸಿತು. ತಡೆಯ ಪೂರ್ವದಲ್ಲಿ ದಕ್ಷಿಣಕ್ಕೆ ಇಳಿದ ಟ್ರಫ್ ಮುಂಗಾರಿನ ತೇವದೊಂದಿಗೆ ಸೇರಿ ಅದೇ ಜುಲೈ ಕೊನೆಯಲ್ಲಿ ಪಾಕಿಸ್ತಾನದ ಭಾರಿ ಪ್ರವಾಹಕ್ಕೆ ನೆರವಾಯಿತು ಎಂದು ಮುಂದಿನ ಅಧ್ಯಯನಗಳು ತೋರಿಸಿವೆ.

ಕಾರಣದ ಬಗ್ಗೆ ನಡೆದ ಚರ್ಚೆ ಬೋಧಪ್ರದವಾದುದು. 2011ರಲ್ಲಿ ಡೋಲ್ ಮತ್ತು ಸಂಗಡಿಗರು ಇದು ಮುಖ್ಯವಾಗಿ ವಾಯುಮಂಡಲದ ಸಹಜ ಏರಿಳಿತ ಎಂದರು. ಅದೇ ವರ್ಷ ರಾಮ್‌ಸ್ಟಾರ್ಫ್ ಮತ್ತು ಕೂಮೂ, ಭೂಮಿ ಬಿಸಿಯಾಗದಿದ್ದಲ್ಲಿ ಆ ದಾಖಲೆ ಬೀಳುತ್ತಿರಲಿಲ್ಲ ಎನ್ನಲು ಶೇ 80ರಷ್ಟು ಸಂಭವವಿದೆ ಎಂದರು. 2012ರಲ್ಲಿ ಫ್ರೀಡೆರಿಕೆ ಓಟೊ ಮತ್ತು ಸಂಗಡಿಗರು ಎರಡೂ ಸರಿ ಎಂದು ವಿವರಿಸಿದರು: ಮೊದಲನೆಯದು ಬಿಸಿಗಾಳಿಯ ಪ್ರಮಾಣದ ಪ್ರಶ್ನೆಗೆ ಉತ್ತರ, ಎರಡನೆಯದು ಅದು ಮರುಕಳಿಸುವ ಸಂಭವದ ಪ್ರಶ್ನೆಗೆ.

ಭಾರತದ ಮುಂಗಾರಿನೊಂದಿಗೆ ನಂಟು

ತಡೆ ಮಧ್ಯ ಅಕ್ಷಾಂಶಗಳ ವಿದ್ಯಮಾನವಾದರೂ ಅದರ ಪ್ರಭಾವ ಭಾರತವನ್ನೂ ಮುಟ್ಟುತ್ತದೆ. ಮುಂಗಾರಿನ ನಡುವೆ ಮಳೆ ಬಿಡುವು ಕೊಡುವ ಅವಧಿಗಳನ್ನು 1962ರಲ್ಲಿ ಸಿ. ರಾಮಸ್ವಾಮಿ ಅವರು ಪೂರ್ವ ಮತ್ತು ಪಶ್ಚಿಮ ಜೆಟ್ ಪ್ರವಾಹಗಳ ಪರಸ್ಪರ ಪ್ರಭಾವವಾಗಿ ವಿವರಿಸಿದರು. 1981ರಲ್ಲಿ ಸಿ.ಆರ್.ವಿ. ರಾಮನ್ ಮತ್ತು ವೈ.ಪಿ. ರಾವ್ ‘ನೇಚರ್’ ಪತ್ರಿಕೆಯಲ್ಲಿ ಏಷ್ಯಾದ ಮೇಲಿನ ತಡೆಗಳಿಗೂ ಭಾರತದ ಬರಗಳಿಗೂ ಇರುವ ಸಂಬಂಧವನ್ನು ಮಂಡಿಸಿದರು. ಬಿಡುವಿನ ಅವಧಿಯಲ್ಲಿ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿಯುತ್ತದೆ. ತಪ್ಪಲಿನಲ್ಲಿ ಮಳೆ ಹೆಚ್ಚಿ, ಮಧ್ಯ ಭಾರತದಲ್ಲೂ ಕರ್ನಾಟಕದ ಕರಾವಳಿ ಸೇರಿದಂತೆ ಪಶ್ಚಿಮ ತೀರದಲ್ಲೂ ಮಳೆ ಕುಗ್ಗುತ್ತದೆ. 2016ರಲ್ಲಿ ಜೆ.ವಿ. ರತ್ನಂ ಮತ್ತು ಸಂಗಡಿಗರು ಉತ್ತರ ಹಾಗೂ ಮಧ್ಯ ಭಾರತದ ಬಿಸಿಗಾಳಿಗಳಿಗೆ ಉತ್ತರ ಅಟ್ಲಾಂಟಿಕ್‌ನ ತಡೆಯೊಂದಿಗೆ ನಂಟಿರುವುದನ್ನು ತೋರಿಸಿದರು.

ಮುನ್ಸೂಚನೆ ಮತ್ತು ವಾಯುಗುಣ ಬದಲಾವಣೆ

ಟಿಬಾಲ್ಡಿ ಮತ್ತು ಮೊಲ್ಟೆನಿ ತಮ್ಮ ಸೂಚ್ಯಂಕ ರೂಪಿಸಿದ್ದೇ ಮುನ್ಸೂಚನಾ ಮಾದರಿಯನ್ನು ಪರೀಕ್ಷಿಸಲು. ಮುನ್ಸೂಚನೆಯ ಅವಧಿ ಹೆಚ್ಚಿದಂತೆ ಮಾದರಿ ನಿಜಕ್ಕಿಂತ ಕಡಿಮೆ ತಡೆಗಳನ್ನು ತೋರಿಸುತ್ತಿತ್ತು. ಈಗಾಗಲೇ ನಿಂತ ತಡೆ ಮುಂದುವರಿಯುವುದನ್ನು ಹೇಳುವುದಕ್ಕಿಂತ ಹೊಸದು ಯಾವಾಗ ಹುಟ್ಟುತ್ತದೆ, ಹಳೆಯದು ಯಾವಾಗ ಮುರಿಯುತ್ತದೆ ಎಂದು ಹೇಳುವುದು ಕಷ್ಟ. ವಾಯುಗುಣ ಮಾದರಿಗಳೂ ಯುರೋಪಿನ ತಡೆಗಳನ್ನು ಬಹುಕಾಲ ಕಡಿಮೆ ಎಣಿಸಿವೆ. ಮಾದರಿಯ ಚೌಕಗಳು ಸಣ್ಣದಾದಂತೆ, ಸಾಗರದ ಉಷ್ಣಾಂಶದ ತಪ್ಪು ತಿದ್ದಿದಂತೆ ಈ ಕೊರತೆ ತಗ್ಗಿದೆ, ಪೂರ್ತಿ ನೀಗಿಲ್ಲ.

ಅಂತರ್‌ಸರ್ಕಾರಿ ಹವಾಮಾನ ಬದಲಾವಣೆ ಸಮಿತಿಯ 2021ರ ವರದಿ, ಹೆಚ್ಚಿನ ಹೊರಸೂಸುವಿಕೆಯ ಸನ್ನಿವೇಶಗಳಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಉತ್ತರ ಪೆಸಿಫಿಕ್‌ನ ಚಳಿಗಾಲದ ತಡೆಗಳು ಕಡಿಮೆಯಾಗುತ್ತವೆ ಎಂದು ಮಧ್ಯಮ ಮಟ್ಟದ ವಿಶ್ವಾಸದಿಂದ ಹೇಳಿದೆ. ಆದರೆ ತಡೆಗಳ ಸಂಖ್ಯೆ ಇಳಿದ ಮಾತ್ರಕ್ಕೆ ಅಪಾಯ ಇಳಿಯುವುದಿಲ್ಲ. ಮೊದಲೇ ಬಿಸಿಯಾದ ಭೂಮಿಯ ಮೇಲೆ ಅದೇ ಬಲದ ತಡೆ ನಿಂತರೂ ಉಷ್ಣಾಂಶ ಹಿಂದಿಗಿಂತ ಮೇಲೇರುತ್ತದೆ. 2021ರ ಜೂನ್ 29ರಂದು ಕೆನಡಾದ ಲಿಟನ್ ಊರಿನಲ್ಲಿ ಒಮೆಗಾ ತಡೆಯ ಕೆಳಗೆ 49.6 ಡಿಗ್ರಿ ದಾಖಲಾಯಿತು. ಆ ದೇಶದ ಹಿಂದಿನ ದಾಖಲೆ 1937ರ 45 ಡಿಗ್ರಿ. ಮರುದಿನವೇ ಕಾಳ್ಗಿಚ್ಚು ಆ ಊರಿನ ಬಹುಭಾಗವನ್ನು ಸುಟ್ಟಿತು.

ಅಳತೆಗಳ ಮೌಲ್ಯಮಾಪನ

ಒಂದೇ ದತ್ತಾಂಶಕ್ಕೆ ಬೇರೆ ಬೇರೆ ಸೂಚ್ಯಂಕ ಹಚ್ಚಿದಾಗ ತಡೆಗಳ ಸಂಖ್ಯೆ, ನೆಲೆ, ಋತು ಮೂರರಲ್ಲೂ ವ್ಯತ್ಯಾಸ ಕಾಣುತ್ತದೆ. ಇಳಿಜಾರಿನ ಸೂಚ್ಯಂಕಗಳು ಅಲೆ ಮುರಿದ ಪ್ರಸಂಗಗಳನ್ನು ಚೆನ್ನಾಗಿ ಹಿಡಿಯುತ್ತವೆ, ತೆರೆದ ರಿಜ್‌ಗಳನ್ನು ಬಿಡುತ್ತವೆ. ವಾಡಿಕೆಯ ಅಂತರದ ವಿಧಾನ ಎರಡನ್ನೂ ಹಿಡಿಯುತ್ತದೆ, ಆದರೆ ಆರಿಸಿಕೊಂಡ ವಾಡಿಕೆಯ ಅವಧಿಗೆ ತಕ್ಕಂತೆ ಬದಲಾಗುತ್ತದೆ. ಪೊಟೆನ್ಷಿಯಲ್ ವರ್ಟಿಸಿಟಿಯ ವಿಧಾನ ಭೌತಶಾಸ್ತ್ರಕ್ಕೆ ಹತ್ತಿರ, ಲೆಕ್ಕಕ್ಕೆ ಭಾರ. ಯುರೋಪಿನ ಚಳಿಗಾಲದ ಅಧ್ಯಯನಕ್ಕೆ ಇಳಿಜಾರಿನ ಸೂಚ್ಯಂಕ, ಬೇಸಿಗೆಯ ಬಿಸಿಗಾಳಿಗೆ ಅಂತರದ ವಿಧಾನ, ತಡೆಯ ಜೀವನಕ್ರಮ ತಿಳಿಯಲು ಪೊಟೆನ್ಷಿಯಲ್ ವರ್ಟಿಸಿಟಿ ಎಂಬ ಹಂಚಿಕೆ ಬಳಕೆಯಲ್ಲಿ ಸಮಂಜಸವೆನಿಸಿದೆ. ತಡೆಗಳು ಹೆಚ್ಚುತ್ತಿವೆ ಅಥವಾ ಕಡಿಮೆಯಾಗುತ್ತಿವೆ ಎಂಬ ಯಾವುದೇ ಹೇಳಿಕೆಯನ್ನು ಒಪ್ಪುವ ಮುನ್ನ ಅದು ಯಾವ ಸೂಚ್ಯಂಕ, ಯಾವ ಅವಧಿ ಮತ್ತು ಯಾವ ಮಿತಿಯ ಮೇಲೆ ನಿಂತಿದೆ ಎಂದು ನೋಡುವುದು ಅಗತ್ಯ. ಕನಿಷ್ಠ ಎರಡು ಸ್ವತಂತ್ರ ವಿಧಾನಗಳಲ್ಲಿ ಒಂದೇ ಉತ್ತರ ಬಂದಾಗ ಮಾತ್ರ ಅದು ನಂಬಿಕೆಗೆ ಅರ್ಹ.